ಮೂರು ಸಲ ಅಳೆದರೂ ಒಂದೇ ಲೆಕ್ಕ ಬರುತ್ತದೆ, ಆದರೂ ತಪ್ಪು ಅಂತಾರೆ. ಹೇಗೆ?

ತೋಟದವ, ಬದಿಯಡ್ಕ

ಮಗಳು ಪ್ಲಸ್ ವನ್. ಹತ್ತರ ತನಕ ಕನ್ನಡ ಮೀಡಿಯಂ, ಈಗ ಫಿಸಿಕ್ಸ್ ಇಂಗ್ಲಿಷಿನಲ್ಲಿ. ಮೊನ್ನೆ ರಾತ್ರಿ ಪುಸ್ತಕ ಹಿಡಿದುಕೊಂಡು ಬಂದು, ಅಪ್ಪಾ ಈ ಆಕ್ಯುರಸಿ, ಪ್ರಿಸಿಷನ್ ಎರಡೂ ಬೇರೆ ಬೇರೆಯಂತೆ, ಹೇಗೆ ಅಂತ ಕೇಳಿದಳು. ಎರಡೂ ಒಂದೇ, ಸರಿಯಾಗಿ ಅಳೆಯುವುದು ಅಂತ ಹೇಳಿ ಕಳಿಸಿದೆ. ಆಮೇಲೆ ಮಲಗಿದ ಮೇಲೆ ನನ್ನದೇ ಒಂದು ತಲೆನೋವು ನೆನಪಾಯಿತು, ಅದಕ್ಕೂ ಇದಕ್ಕೂ ಸಂಬಂಧ ಉಂಟೋ ಏನೋ.

ಐದು ವರ್ಷದಿಂದ ಮಳೆ ಅಳೆದು ಬರೆದಿಡುತ್ತಿದ್ದೇನೆ. ಮಾಪಕ ನಾನೇ ಮಾಡಿದ್ದು. 160 ಮಿ.ಮೀ. ಪಿವಿಸಿ ಪೈಪಿನ ತುಂಡು, ಕೆಳಗೆ ಕ್ಯಾಪ್, ಅಂಗಳದ ನಡುವೆ ಕಂಬಕ್ಕೆ ಕಟ್ಟಿದ್ದು. ವ್ಯಾಸ 16 ಸೆಂ.ಮೀ. ಅಂದರೆ ಬಾಯಿಯ ವಿಸ್ತೀರ್ಣ ಸುಮಾರು 200 ಚದರ ಸೆಂ.ಮೀ., ಹಾಗಾದರೆ 1 ಮಿ.ಮೀ. ಮಳೆಗೆ 20 ಮಿ.ಲೀ. ನೀರು. ಬೆಳಿಗ್ಗೆ ಎಂಟೂವರೆಗೆ ನೀರನ್ನು ಮಿ.ಲೀ. ಗೆರೆ ಇರುವ ಜಾರಿಗೆ ಸುರಿದು ಅಳೆದು 20ರಿಂದ ಭಾಗಿಸುವುದು, ಅಷ್ಟೇ.

ಆಚೆ ಗುಡ್ಡೆಯ ನಮ್ಮ ಭಾವನ ಮನೆಯಲ್ಲಿ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಮಾಪಕ ಉಂಟು. ಅದರಲ್ಲಿ 5 ಮಿ.ಮೀ.ಗೊಂದು ಗೆರೆ. ಅವರು ಕನ್ನಡಕ ಹಣೆಗೇರಿಸಿ ನೋಡಿ ಅಂದಾಜಿಗೆ ಒಂದು ಲೆಕ್ಕ ಹೇಳುತ್ತಾರೆ. ಕಳೆದ ವಾರ ಅವರದ್ದು 95, ನನ್ನದು 84.8. ಸಂಶಯ ಬಂದು ಅದೇ ನೀರನ್ನು ಮೂರು ಸಲ ಅಳೆದೆ. 1,690, 1,695, 1,700 ಮಿ.ಲೀ. ಅಂದರೆ 84.5, 84.75, 85. ಮೂರೂ ಒಂದೇ ಅಂತ ಹೇಳಬಹುದು, ಅಲ್ವಾ? ಭಾವನಿಗೆ ಫೋನ್ ಮಾಡಿ ನಿಮ್ಮದೇ ತಪ್ಪು ಅಂದೆ. ಅವರು ನಗಾಡಿದರು.

ಯಾರ ಲೆಕ್ಕ ಸರಿ? ಮಗಳಿಗೆ ಎಂತ ಹೇಳಲಿ?

ಆಚೆ ಗುಡ್ಡೆ

ಆ ಭಾವ ನಾನೇ. ನಗಾಡಿದ್ದು ಹೌದು. ಒಂದೇ ದಿನದ ಮಾತಲ್ಲ ಇದು, ನನ್ನ ಕ್ಯಾಲೆಂಡರಿನಲ್ಲಿ ಬರೆದದ್ದು ನೋಡಿ ಹೇಳುತ್ತೇನೆ: ನನಗೆ 35 ಬಂದ ದಿನ ಅವರಿಗೆ 31. ನನಗೆ 60 ಬಂದ ದಿನ ಅವರಿಗೆ 52.1. ಒಂದು ದಿನವಾದರೂ ಅವರ ಅಂಗಳಕ್ಕೆ ಮಳೆ ಜಾಸ್ತಿ ಬರಬೇಕಿತ್ತಲ್ಲ. ಮಳೆರಾಯನಿಗೆ ಅವರ ಮೇಲೆ ಅಷ್ಟು ಸಿಟ್ಟು ಯಾಕೆ?

ಹಳೇ ಮಾಷ್ಟ್ರು, ನೀರ್ಚಾಲು

ಭಾವನವರು ನಗಾಡುತ್ತಾ ಹೇಳಿದ ಆ ಕೊನೆಯ ಮಾತಿನಲ್ಲೇ ಅರ್ಧ ಉತ್ತರ ಉಂಟು.

ಮೊದಲು ಮಗಳ ಪ್ರಶ್ನೆ. ಪುಸ್ತಕದಲ್ಲಿ ಡಾರ್ಟ್ ಬೋರ್ಡ್ ಚಿತ್ರ ಕೊಡುತ್ತಾರೆ, ನಮ್ಮ ಮಕ್ಕಳು ಅದನ್ನು ಆಡಿದವರಲ್ಲ. ನಾನು ಕ್ಲಾಸಿನಲ್ಲಿ ಮಾವಿನಕಾಯಿಗೆ ಕಲ್ಲು ಹೊಡೆಯುವ ಲೆಕ್ಕ ಹೇಳುತ್ತಿದ್ದೆ. ಒಬ್ಬ ಹತ್ತು ಕಲ್ಲು ಹೊಡೆದ. ಹತ್ತೂ ಕಾಯಿಯಿಂದ ಒಂದು ಮೊಳ ಎಡಕ್ಕೆ, ಒಂದೇ ಗೆಲ್ಲಿಗೆ ತಾಗಿದವು. ಇನ್ನೊಬ್ಬನ ಕಲ್ಲು ಒಂದು ಮೇಲೆ, ಒಂದು ಕೆಳಗೆ, ಒಂದು ಆಚೆ, ಒಂದು ಈಚೆ, ಆದರೆ ಎಲ್ಲವೂ ಕಾಯಿಯ ಸುತ್ತಮುತ್ತವೇ. ಮೊದಲಿನವನ ಕೈಯಲ್ಲಿ ಪ್ರಿಸಿಷನ್ ಉಂಟು. ಏಟು ಚದುರುವುದಿಲ್ಲ, ಆದರೆ ಗುರಿ ತಪ್ಪಿದೆ. ಎರಡನೆಯವನ ಏಟು ಚದುರುತ್ತದೆ, ಆದರೆ ಸರಾಸರಿ ತೆಗೆದರೆ ಕಾಯಿಯ ಹತ್ತಿರ ಬರುತ್ತದೆ. ನಿಜವಾದ ಬೆಲೆಗೆ ಎಷ್ಟು ಹತ್ತಿರ ಅನ್ನುವುದು ಆಕ್ಯುರಸಿ. ಮತ್ತೆ ಮತ್ತೆ ಅಳೆದಾಗ ಒಂದಕ್ಕೊಂದು ಎಷ್ಟು ಹತ್ತಿರ ಅನ್ನುವುದು ಪ್ರಿಸಿಷನ್. ಕನ್ನಡದಲ್ಲಿ ಎರಡಕ್ಕೂ ನಾವು ನಿಖರ ಅಂತಲೇ ಹೇಳಿಬಿಡುತ್ತೇವೆ, ಗೊಂದಲ ಅಲ್ಲಿಂದಲೇ ಶುರು.

ಈಗ ನಿಮ್ಮ ಮಾಪಕ. ಒಂದೇ ನೀರನ್ನು ಮೂರು ಸಲ ಅಳೆದು ಒಂದೇ ಲೆಕ್ಕ ಬಂತು ಅಂದರೆ ನಿಮ್ಮ ಕೈ, ಕಣ್ಣು, ಜಾರು ಮೂರೂ ಸ್ಥಿರವಾಗಿವೆ ಅಂತ ಗೊತ್ತಾಯಿತು. ಪೈಪಿನೊಳಗೆ ಬೀಳಬೇಕಾದಷ್ಟು ನೀರು ಬಿದ್ದಿದೆಯಾ, ಭಾಗಿಸುವ ಆ 20 ಸರಿಯಾ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಮೂರಲ್ಲ, ಮುನ್ನೂರು ಸಲ ಅಳೆದರೂ ಗೊತ್ತಾಗುವುದಿಲ್ಲ. ಚದುರುವ ತಪ್ಪು ಸರಾಸರಿ ತೆಗೆದರೆ ಇಳಿಯುತ್ತದೆ: ನಾಲ್ಕು ಅಳತೆಯ ಸರಾಸರಿಯಲ್ಲಿ ಅರ್ಧ, ನೂರರದ್ದರಲ್ಲಿ ಹತ್ತನೇ ಒಂದು. ಒಂದೇ ಕಡೆಗೆ ವಾಲಿದ ತಪ್ಪು ಹಾಗಲ್ಲ, ಎಷ್ಟು ಸಲ ಅಳೆದರೂ ಕುಳಿತಲ್ಲೇ ಕುಳಿತಿರುತ್ತದೆ.

ಭಾವನವರ ಲೆಕ್ಕವನ್ನು ನಿಮ್ಮದರಿಂದ ಭಾಗಿಸಿ ನೋಡಿದೆ. 95ಕ್ಕೆ 84.8, ಬಂತು 1.12. 35ಕ್ಕೆ 31, ಬಂತು 1.13. 60ಕ್ಕೆ 52.1, ಬಂತು 1.15. ಮಳೆ ಎಷ್ಟೇ ಬರಲಿ, ನಿಮ್ಮದು ಅದೇ ಪ್ರಮಾಣದಲ್ಲಿ ಕಡಿಮೆ. ಇದು ಮಳೆಯ ಆಟವಲ್ಲ, ಗುಡ್ಡೆಯಿಂದ ಗುಡ್ಡೆಗೆ ಮಳೆ ಬದಲಾದರೆ ಒಂದು ದಿನ ಹಾಗೆ, ಒಂದು ದಿನ ಹೀಗೆ ಆಗುತ್ತಿತ್ತು.

ಎರಡು ಕೆಲಸ ಮಾಡಿ. ಒಂದು, ಮಾಪಕದಿಂದ ಹತ್ತಿರದ ಅಡಿಕೆ ಮರಕ್ಕೆ ಎಷ್ಟು ದೂರ ನೋಡಿ. ಮರ ಎಷ್ಟು ಎತ್ತರವೋ ಅದರ ಎರಡು ಪಾಲಾದರೂ ದೂರ ಇರಬೇಕು ಅಂತ ನಿಯಮ, ನಲವತ್ತು ಅಡಿ ಮರಕ್ಕೆ ಎಂಬತ್ತು ಅಡಿ, ನಮ್ಮ ತೋಟಗಳಲ್ಲಿ ಅಷ್ಟು ಜಾಗ ಎಲ್ಲಿ ಅಂತ ಕೇಳಬೇಡಿ. ಎರಡು, ಪೈಪಿನ ಒಳಗಿನ ವ್ಯಾಸ ಅಳೆದು ಹೇಳಿ. ನನಗೆ ಸಂಶಯ ಇರುವುದು ಅಲ್ಲೇ.

ಕುಡ್ತೆ ಅಕ್ಕ, ಪೆರ್ಲ

ಮಾಷ್ಟ್ರು ಹೇಳಿದ್ದು ಓದಿ ನಮ್ಮ ಅತ್ತೆ ಅಕ್ಕಿ ಅಳೆಯುವ ಕುಡ್ತೆ ನೆನಪಾಯಿತು. ಹಿತ್ತಾಳೆಯದ್ದು, ಬಾವಿಕಟ್ಟೆಯಿಂದ ಯಾವಾಗಲೋ ಬಿದ್ದು ಒಂದು ಪಕ್ಕ ಒಳಗೆ ಹೋಗಿದೆ. ಅಳತೆ ಕಡಿಮೆಯೇ. ಆದರೆ ಅದರಲ್ಲಿ ಮೂರು ಅಕ್ಕಿ, ಒಂದು ಉದ್ದು ಹಾಕಿ ಮೂವತ್ತು ವರ್ಷದಿಂದ ಇಡ್ಲಿ ಮಾಡುತ್ತಿದ್ದಾರೆ, ಒಂದು ದಿನ ಗಟ್ಟಿ ಆದದ್ದಿಲ್ಲ. ಅಕ್ಕಿಯೂ ಅದರಲ್ಲೇ, ಉದ್ದೂ ಅದರಲ್ಲೇ. ಎರಡರಲ್ಲೂ ಅಷ್ಟೇ ಕಡಿಮೆ ಆಗುವುದರಿಂದ ತಪ್ಪಿಗೆ ತಪ್ಪು ವಜಾ.

ತಾಪತ್ರಯ ಆದದ್ದು ಬೆಂಗಳೂರಿನಲ್ಲಿರುವ ನಾದಿನಿಗೆ ಫೋನಿನಲ್ಲಿ ಹೇಳಿಕೊಟ್ಟಾಗ. ಅಕ್ಕಿ ಉದ್ದು ಅವಳ ಸ್ಟೀಲ್ ಕಪ್ಪಿನಲ್ಲಿ ಅಳೆದಳು, ಅದೇನೂ ತೊಂದರೆ ಇಲ್ಲ, ಮೂರಕ್ಕೆ ಒಂದು ಯಾವ ಕಪ್ಪಿನಲ್ಲೂ ಮೂರಕ್ಕೆ ಒಂದೇ. ಉಪ್ಪು ಮಾತ್ರ ಅತ್ತೆ ಹೇಳಿದ ಹಾಗೆ ಎರಡು ಚಮಚ. ಅವಳ ಕಪ್ಪು ಅತ್ತೆಯ ಕುಡ್ತೆಗಿಂತ ಎಷ್ಟೋ ದೊಡ್ಡದು, ಹಿಟ್ಟು ಜಾಸ್ತಿ, ಉಪ್ಪು ಅಷ್ಟೇ. ಸಪ್ಪೆ ಇಡ್ಲಿ ತಿಂದು ನಮಗೇ ಬೈದಳು.

ನಮ್ಮ ಅಡಿಗೆಮನೆಯೊಳಗೇ ಇದ್ದಷ್ಟು ದಿನ ಕುಡ್ತೆಯ ತಪ್ಪು ಯಾರಿಗೂ ಗೊತ್ತಾಗಲಿಲ್ಲ, ಹೊಸಿಲು ದಾಟಿದ ಮೇಲೆ ಗೊತ್ತಾದದ್ದು. ತೋಟದಣ್ಣನ ಮಾಪಕವೂ ಭಾವನ ಮನೆಯ ತನಕ ಹೋಗದೆ ಇದ್ದರೆ ಸುಮ್ನೆ ಇರುತ್ತಿತ್ತು!

ತೋಟದವ, ಬದಿಯಡ್ಕ

ಮಾಷ್ಟ್ರೇ, ನಿಮ್ಮ ಸಂಶಯಕ್ಕೆ ನಮಸ್ಕಾರ.

ಮಗಳು ಶಾಲೆಯ ವರ್ನಿಯರ್ ಕ್ಯಾಲಿಪರ್ಸ್ ಎರಡು ದಿನಕ್ಕೆ ಕೇಳಿ ತಂದಳು. ಹೊರಗಿನ ವ್ಯಾಸ 16 ಸೆಂ.ಮೀ., ಅದು ಸರಿ. ಒಳಗಿನದ್ದು 15. ಪೈಪಿನ ಗೋಡೆಯೇ 5 ಮಿ.ಮೀ. ದಪ್ಪ, ಎರಡೂ ಕಡೆ ಸೇರಿ ಒಂದು ಸೆಂ.ಮೀ. ಹೋಯಿತು. ಪೈಪಿನ ಅಂಗಡಿಯಲ್ಲಿ ಕೇಳಿದರೆ, 160 ಅಂದರೆ ಹೊರಗಿನ ಅಳತೆಯಲ್ಲವಾ ಅಣ್ಣ, ಇಷ್ಟು ವರ್ಷ ಪೈಪು ಹಾಕಿಸಿದ್ದೀರಿ ಗೊತ್ತಿಲ್ವಾ ಅಂದರು. ನೀರಿನ ಪೈಪಿಗೆ ಗೊತ್ತಿತ್ತು. ಮಳೆಗೆ ತಲೆಗೆ ಹೋಗಲಿಲ್ಲ.

ಲೆಕ್ಕ ಮಗಳೇ ಮಾಡಿದಳು. 15 ಸೆಂ.ಮೀ. ವ್ಯಾಸಕ್ಕೆ ವಿಸ್ತೀರ್ಣ 176.7 ಚದರ ಸೆಂ.ಮೀ. ಹಾಗಾದರೆ 1 ಮಿ.ಮೀ. ಮಳೆಗೆ 20 ಅಲ್ಲ, 17.67 ಮಿ.ಲೀ. ನಾನು ಭಾಗಿಸುತ್ತಿದ್ದದ್ದು 20ರಿಂದ. ಆ ದಿನದ 1,695 ಮಿ.ಲೀ.ಯನ್ನು 17.67ರಿಂದ ಭಾಗಿಸಿದರೆ 95.9. ಭಾವನವರು ಕನ್ನಡಕ ಹಣೆಗೇರಿಸಿ ಹೇಳಿದ್ದು 95.

ವ್ಯಾಸದಲ್ಲಿ ಬರೀ ಒಂದು ಸೆಂ.ಮೀ. ತಪ್ಪಿದರೆ ಮಳೆಯಲ್ಲಿ ನೂರಕ್ಕೆ ಹನ್ನೆರಡು ಹೋಗುತ್ತದೆ ಅಂತ ನಾನು ಗ್ರಹಿಸಿರಲಿಲ್ಲ. ವರ್ಗ ಮಾಡುವಾಗ ತಪ್ಪೂ ಎರಡು ಪಾಲಾಗುತ್ತದೆ ಅಂತ ಮಗಳು ಹೇಳಿದಳು, ನನ್ನ ಮುಖ ನೋಡದೆ.

ಹಳೇ ಮಾಷ್ಟ್ರು, ನೀರ್ಚಾಲು

ಬೇಜಾರು ಮಾಡಬೇಡಿ, ನಿಮಗಿಂತ ದೊಡ್ಡವರು ಇದೇ ಗುಂಡಿಗೆ ಬಿದ್ದಿದ್ದಾರೆ.

ಹಬಲ್ ದೂರದರ್ಶಕ, 1990ರ ಏಪ್ರಿಲಿನಲ್ಲಿ ಮೇಲೆ ಹೋದದ್ದು. ಅದರ ಕನ್ನಡಿ 2.4 ಮೀಟರ್ ಅಗಲ. ಅಷ್ಟು ನಯವಾಗಿ ಉಜ್ಜಿದ ಅಷ್ಟು ದೊಡ್ಡ ಕನ್ನಡಿ ಆ ಕಾಲಕ್ಕೆ ಅಪರೂಪ. ಆದರೆ ಉಜ್ಜಿದ್ದು ತಪ್ಪು ಆಕಾರಕ್ಕೆ. ಅಂಚಿನಲ್ಲಿ ಸುಮಾರು 2 ಮೈಕ್ರೋಮೀಟರ್ ಜಾಸ್ತಿ ಸವೆದಿತ್ತು, ಚಿತ್ರಗಳೆಲ್ಲ ಮಸುಕು. ಕಾರಣ ಹುಡುಕಿದರೆ, ಕನ್ನಡಿಯ ಆಕಾರ ಪರೀಕ್ಷಿಸುವ ಉಪಕರಣವನ್ನು ಜೋಡಿಸುವಾಗಲೇ ಒಂದು ಮಸೂರ 1.3 ಮಿ.ಮೀ. ಜಾಗ ತಪ್ಪಿತ್ತು. ಆ ಉಪಕರಣ ಎಷ್ಟು ಸಲ ನೋಡಿದರೂ ಕನ್ನಡಿ ಸರಿ ಉಂಟು ಅಂತಲೇ ಹೇಳಿತು, ನಿಮ್ಮ ಜಾರಿನ ಹಾಗೆ.

ನನಗೆ ಇದರಲ್ಲಿ ಮನಸ್ಸಿಗೆ ನಾಟಿದ್ದು ಬೇರೆ. ಅದೇ ಕನ್ನಡಿಯನ್ನು ಇನ್ನೊಂದು ಉಪಕರಣದಿಂದಲೂ ಪರೀಕ್ಷೆ ಮಾಡಿದ್ದರು, ಅದು ತಪ್ಪು ಉಂಟು ಅಂತ ತೋರಿಸಿಯೂ ಇತ್ತು. ಆದರೆ ಅದು ಅಷ್ಟು ಸೂಕ್ಷ್ಮವಲ್ಲ, ಒರಟು, ಅದರ ಮಾತು ಯಾಕೆ ಕೇಳುವುದು ಅಂತ ಬದಿಗಿಟ್ಟರು. 5 ಮಿ.ಮೀ.ಗೊಂದು ಗೆರೆಯ ಭಾವನ ಮಾಪಕವನ್ನು ನೀವು ಬದಿಗಿಟ್ಟ ಹಾಗೆ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಮಾಡಿ ಬಂದರು. ಸರಿಮಾಡಲು ಆದದ್ದು ಯಾಕೆ ಅಂದರೆ ತಪ್ಪು ಎಷ್ಟು ಅಂತ ಕರಾರುವಾಕ್ಕಾಗಿ ಗೊತ್ತಿತ್ತು, ಅಷ್ಟೇ ಪ್ರಮಾಣದ ಉಲ್ಟಾ ತಪ್ಪನ್ನು ಹೊಸ ಕನ್ನಡಿಗಳಲ್ಲಿ ಹಾಕಿದರು. ಕನ್ನಡಿ ಅಡ್ಡಾದಿಡ್ಡಿ ಉಜ್ಜಿದ್ದಾಗಿದ್ದರೆ ಅದೂ ಆಗುತ್ತಿರಲಿಲ್ಲ.

ನಿಮ್ಮ ಐದು ವರ್ಷದ ಪುಸ್ತಕವೂ ಹಾಗೆಯೇ ಉಳಿಯುತ್ತದೆ. ಪ್ರತಿ ಲೆಕ್ಕವನ್ನೂ 1.13ರಿಂದ ಗುಣಿಸಿ, ಮುಗಿಯಿತು. ಭಾವನವರ ಕ್ಯಾಲೆಂಡರಿನಲ್ಲಿ ಯಾವ ದಿನ 2 ಹೆಚ್ಚು, ಯಾವ ದಿನ 2 ಕಡಿಮೆ ಅಂತ ದೇವರಿಗೂ ಗೊತ್ತಿಲ್ಲ, ಅದನ್ನು ಈಗ ಸರಿಮಾಡಲು ಬರುವುದಿಲ್ಲ.

ಪೈಪಿನ ಬಾಯಿಯ ಅಂಚನ್ನು ಹೊರಗಿನಿಂದ ಅರದಲ್ಲಿ ಉಜ್ಜಿ ಚೂಪು ಮಾಡಿ. ಚಪ್ಪಟೆ ಅಂಚಿನ ಮೇಲೆ ಬಿದ್ದ ಹನಿ ಒಳಗೂ ಸಿಡಿಯಬಹುದು, ಹೊರಗೂ ಸಿಡಿಯಬಹುದು.

ರಕ್ತ ಪರೀಕ್ಷೆ, ಮಂಜೇಶ್ವರ

ನಾನು ಮಂಗಳೂರಲ್ಲಿ ಲ್ಯಾಬ್ ಟೆಕ್ನಿಷಿಯನ್. ಈ ಎರಡು ಪದ ನಮಗೆ ದಿನದ ಊಟ.

ಬೆಳಿಗ್ಗೆ ರೋಗಿಗಳ ರಕ್ತ ಮೆಷಿನ್‌ಗೆ ಹಾಕುವ ಮೊದಲು ಕಂಟ್ರೋಲ್ ಅನ್ನುವ ದ್ರವ ಹಾಕುತ್ತೇವೆ. ಅದರಲ್ಲಿ ಸಕ್ಕರೆ ಎಷ್ಟಿರಬೇಕು ಅಂತ ಮೊದಲೇ ಗೊತ್ತಿರುತ್ತದೆ. ಬಂದ ಲೆಕ್ಕವನ್ನು ಗ್ರಾಫಿನಲ್ಲಿ ಚುಕ್ಕಿ ಇಡುತ್ತೇವೆ. ಚುಕ್ಕಿಗಳು ನಡುಗೆರೆಯ ಮೇಲೆ ಕೆಳಗೆ ಸ್ವಲ್ಪ ಸ್ವಲ್ಪ ಕುಣಿದರೆ ಮೆಷಿನ್ ಆರೋಗ್ಯವಾಗಿದೆ. ಕುಣಿತ ಜಾಸ್ತಿಯಾದರೆ ಪ್ರಿಸಿಷನ್ ಕೆಟ್ಟಿದೆ, ಪಿಪೆಟ್‌ನಲ್ಲಿ ಗಾಳಿಗುಳ್ಳೆಯೋ ಮತ್ತೊಂದೋ. ಚುಕ್ಕಿಗಳು ಶಿಸ್ತಾಗಿ ಸಾಲು ನಿಂತು ಹತ್ತು ದಿನ ಗೆರೆಯ ಮೇಲ್ಗಡೆಯೇ ಇದ್ದರೆ ಮಾತ್ರ ನನಗೆ ಹೆದರಿಕೆ. ನೋಡಲಿಕ್ಕೆ ಎಷ್ಟು ಚಂದ! ಆದರೆ ಎಲ್ಲರ ರಿಪೋರ್ಟೂ ಒಂದೇ ಕಡೆಗೆ ವಾಲಿರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ.

ಮನೆಯ ಗ್ಲೂಕೋಮೀಟರ್ ಬಗ್ಗೆಯೂ ಜನ ಕೇಳುತ್ತಾರೆ. ಮೂರು ಸಲ ಚುಚ್ಚಿಕೊಂಡೆ, 148, 151, 149, ಲ್ಯಾಬಿನಲ್ಲಿ 136 ಅಂತ ಬಂತು, ಲ್ಯಾಬೇ ತಪ್ಪು ಅಂತ ಜಗಳಕ್ಕೆ ಬರುತ್ತಾರೆ. 2013ರ ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ನಿಯಮದಂತೆ 100ರ ಮೇಲಿನ ಸಕ್ಕರೆಗೆ ಮೀಟರ್ ಲ್ಯಾಬಿನ ಲೆಕ್ಕದಿಂದ ನೂರಕ್ಕೆ 15ರಷ್ಟು ಆಚೆ ಈಚೆ ಇರಬಹುದು, ನೂರರಲ್ಲಿ 95 ಸಲ ಅದರೊಳಗಿದ್ದರೆ ಸಾಕು. 136ಕ್ಕೆ 15 ಶೇಕಡಾ ಅಂದರೆ 20. ಹಾಗಾಗಿ 149 ತಪ್ಪೇನಲ್ಲ. ಅದೇ ಮೀಟರಿನಲ್ಲಿ ನಿನ್ನೆಗೂ ಇವತ್ತಿಗೂ ಏರಿತಾ ಇಳಿಯಿತಾ ನೋಡಿಕೊಳ್ಳಿ, ಅತ್ತೆಯ ಕುಡ್ತೆಯ ಹಾಗೆ. ಮಾತ್ರೆ ಬದಲಿಸುವ ಮಾತು ಬಂದರೆ ಡಾಕ್ಟ್ರ ಹತ್ತಿರ ಹೋಗಿ.

ತಕರಾರು

ಮಾಷ್ಟ್ರೇ, ಒಂದು ಸಣ್ಣ ತಕರಾರು. ಆಕ್ಯುರಸಿ ಅಂದರೆ ಸರಾಸರಿ ಗುರಿಯ ಹತ್ತಿರ ಇರುವುದು ಅನ್ನುವ ಅರ್ಥ ಶಾಲೆಯಲ್ಲಿ ನಡೆಯುತ್ತದೆ. 1994ರ ಐಎಸ್‌ಒ 5725ರಲ್ಲಿ ಆ ಗುಣಕ್ಕೆ ಟ್ರೂನೆಸ್ ಅಂತ ಬೇರೆ ಹೆಸರು ಕೊಟ್ಟಿದ್ದಾರೆ. ಟ್ರೂನೆಸ್ ಮತ್ತು ಪ್ರಿಸಿಷನ್ ಎರಡೂ ಸೇರಿದರೆ ಮಾತ್ರ ಅಲ್ಲಿ ಆಕ್ಯುರಸಿ. ಆ ಲೆಕ್ಕದಲ್ಲಿ ಮಾವಿನ ಮರದ ಸುತ್ತ ಕಲ್ಲು ಚದುರಿಸಿದ ನಿಮ್ಮ ಎರಡನೇ ಹುಡುಗನಿಗೆ ಆಕ್ಯುರಸಿ ಉಂಟು ಅಂತ ಹೇಳಲಿಕ್ಕೆ ಬರುವುದಿಲ್ಲ. ಅವನಿಗೆ ಒಂದು ಕಾಯಿಯೂ ಸಿಗಲಿಲ್ಲವಲ್ಲ!

ಹಳೇ ಮಾಷ್ಟ್ರು, ನೀರ್ಚಾಲು

ಒಪ್ಪಿದೆ. ಪರೀಕ್ಷೆಗೆ ಮಾತ್ರ ಪುಸ್ತಕದಲ್ಲಿ ಇದ್ದದ್ದನ್ನೇ ಬರೆಯಲಿ, ಮಾರ್ಕು ಕೊಡುವವರು ಐಎಸ್‌ಒ ಅಲ್ಲ.

ಚಾಲಿ ಅಡಿಕೆ

ಇದೆಲ್ಲ ಸರಿ, ಅಡಿಕೆ ಮಾರುವಾಗ ಎಂತ ಮಾಡುವುದು? ನಾವು ಕೊಡುವ ಒಂದು ಕಡೆ ತೂಕದ ಮೆಷಿನ್ 10 ಗ್ರಾಂ ತನಕ ತೋರಿಸುತ್ತದೆ, 48.37 ಅಂತ ಕೆಂಪು ಅಕ್ಷರ ಮಿನುಗುವಾಗ ಎದುರು ಮಾತಾಡಲಿಕ್ಕೇ ಧೈರ್ಯ ಬರುವುದಿಲ್ಲ. ಮನೆಯಲ್ಲಿ ತೂಗಿದರೆ ಯಾವಾಗಲೂ ಅರ್ಧ ಕಿಲೋ ಜಾಸ್ತಿ.

ಹಳೇ ಮಾಷ್ಟ್ರು, ನೀರ್ಚಾಲು

ದಶಾಂಶದ ಮುಂದೆ ಎಷ್ಟು ಅಂಕಿ ಉಂಟು ಅನ್ನುವುದು ಮೂರನೆಯದ್ದೇ ಒಂದು ವಿಷಯ, ರೆಸಲ್ಯೂಷನ್. ಮೆಷಿನ್ ಎಷ್ಟು ಸಣ್ಣ ವ್ಯತ್ಯಾಸ ತೋರಿಸಬಲ್ಲದು ಅಂತ ಮಾತ್ರ ಅದು ಹೇಳುತ್ತದೆ. ತಪ್ಪು ಲೆಕ್ಕವನ್ನೂ ಅದು ಎರಡು ದಶಾಂಶಕ್ಕೆ ತೋರಿಸುತ್ತದೆ.

ಯಾರದ್ದು ತಪ್ಪು ಅಂತ ಈಗಲೇ ಹೇಳಬೇಡಿ, ಮನೆಯ ತಕ್ಕಡಿ ಯಾವಾಗ ಪರೀಕ್ಷೆ ಆದದ್ದು? ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರಕಾರಿ ಮುದ್ರೆ ಬೀಳಬೇಕು, ಅದನ್ನು ಕೇಳಿ ನೋಡಬಹುದು. ಮುದ್ರೆ ಇರುವ 20 ಕಿಲೋದ ಕಬ್ಬಿಣದ ಕಲ್ಲು ಸಿಕ್ಕಿದರೆ ಮನೆಯ ತಕ್ಕಡಿಗೆ ಇಡಿ. ಒಂದು ಕಲ್ಲಿಗೆ ಎಷ್ಟು ತಪ್ಪು, ಎರಡು ಕಲ್ಲಿಗೆ ಎಷ್ಟು ತಪ್ಪು. ಎರಡಕ್ಕೂ ಅಷ್ಟೇ ಆದರೆ ಸೊನ್ನೆ ಸರಿದಿದೆ, ಎರಡು ಪಾಲಾದರೆ ತೋಟದವರ ಪೈಪಿನ ಜಾತಿಯ ತಪ್ಪು. ಮತ್ತೆ ಗೋಣಿಯ ತೂಕ ಕಳೆದಿದ್ದೀರಾ?

ಚಾಲಿ ಅಡಿಕೆ

ಗೋಣಿ... ನೋಡಿ ಹೇಳುತ್ತೇನೆ.

ತೋಟದವ, ಬದಿಯಡ್ಕ

ಐದು ವರ್ಷದ್ದನ್ನೂ ಮಗಳು ಕೆಂಪು ಶಾಯಿಯಲ್ಲಿ ತಿದ್ದಿ ಆಯಿತು. ಕಳೆದ ವರ್ಷ 3,020 ಮಿ.ಮೀ. ಅಂತ ಬರೆದಿದ್ದೆ, ಈಗ 3,400 ದಾಟಿತು. ನಮ್ಮ ಕಡೆ ಮೂರೂವರೆ ಸಾವಿರದ ಆಸುಪಾಸು ಬರುತ್ತದೆ ಅಂತ ಎಲ್ಲರೂ ಹೇಳುವಾಗ, ನಮ್ಮ ಅಂಗಳಕ್ಕೆ ಮಾತ್ರ ಯಾಕೆ ಕಡಿಮೆ ಅಂತ ಅನಿಸುತ್ತಿತ್ತು. ಒಂದು ದಿನ 104 ಇದ್ದದ್ದು 117.7 ಆಯಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 115.6 ದಾಟಿದರೆ ಅದು ಭಾರಿ ಅಲ್ಲ, ಅತಿ ಭಾರಿ ಮಳೆ. ಆ ದಿನ ತೋಡಿನ ಕಟ್ಟ ಒಡೆದು ಕೆಳಗಿನ ತೋಟಕ್ಕೆ ನೀರು ನುಗ್ಗಿತ್ತು, ಇಷ್ಟು ಮಳೆಗೆ ಹಾಗಾಗಬಾರದಿತ್ತು ಅಂತ ಕಟ್ಟ ಕಟ್ಟಿದವನಿಗೆ ಬೈದಿದ್ದೆ.

ಹದಿನೇಳು ದಿನಗಳನ್ನು ಮಾತ್ರ ಮಗಳು ತಿದ್ದಲಿಲ್ಲ, ಪೆನ್ಸಿಲಿನಲ್ಲಿ ಸುತ್ತು ಹಾಕಿ ಬಿಟ್ಟಿದ್ದಾಳೆ. ನಾವೆಲ್ಲ ಮದುವೆ ಅಂತ ಹೋದಾಗ ಅಮ್ಮ ಅಳೆದ ದಿನಗಳು. ಒಂದು ಕಡೆ "ಮುಕ್ಕಾಲು ಬಕೆಟ್" ಅಂತ ಉಂಟು, ಇನ್ನೊಂದು ಕಡೆ "ನಿನ್ನೆಯಷ್ಟೇ".

ಈಗ ಅವಳಿಗೆ ಹೊಸ ಸಂಶಯ. ಜಾರಿನ ಗೆರೆಗಳು ಸರಿ ಅಂತ ಯಾರು ಹೇಳಿದ್ದು?

ಹಳೇ ಮಾಷ್ಟ್ರು, ನೀರ್ಚಾಲು

ಹುಡುಗಿ ಫಿಸಿಕ್ಸ್ ಓದಲಿ, ಬಿಡಿಸಬೇಡಿ.

ಖಾಲಿ ಜಾರು ತೂಗಿ, ಒಂದು ಲೀಟರ್ ಗೆರೆಯ ತನಕ ನೀರು ತುಂಬಿ ಮತ್ತೆ ತೂಗಲಿ. ನಮ್ಮ ಬಿಸಿಗೆ, 28 ಡಿಗ್ರಿ ಅಂತ ಇಟ್ಟುಕೊಳ್ಳಿ, ಒಂದು ಲೀಟರ್ ನೀರು 996 ಗ್ರಾಂ ಇರಬೇಕು. ಆಗ ತಕ್ಕಡಿ ಸರಿಯಾ ಅಂತ ಕೇಳುತ್ತಾಳೆ. ತಕ್ಕಡಿಗೆ ಮುದ್ರೆಯ ಕಲ್ಲು. ಆ ಕಲ್ಲಿಗೆ ತೂಕ ಅಳತೆ ಇಲಾಖೆಯ ಕಲ್ಲು, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಮೊದಲೆಲ್ಲ ಪ್ಯಾರಿಸ್ ಹತ್ತಿರ ಇಟ್ಟ ಒಂದು ಲೋಹದ ಸಿಲಿಂಡರಿನ ತನಕ ಹೋಗಿ ಈ ಸಾಲು ನಿಲ್ಲುತ್ತಿತ್ತು. 2019ರ ಮೇ 20ರಿಂದ ಆ ಸಿಲಿಂಡರೂ ಬೇಡ, ಪ್ಲಾಂಕ್ ಸ್ಥಿರಾಂಕ ಅನ್ನುವ, ಪ್ರಕೃತಿಯಲ್ಲಿ ಎಲ್ಲೂ ಬದಲಾಗದ ಸಂಖ್ಯೆಗೆ ಒಂದು ಬೆಲೆ ಗೊತ್ತುಮಾಡಿ ಕಿಲೋಗ್ರಾಂ ಅನ್ನು ಅದರ ಮೇಲೆ ನಿಲ್ಲಿಸಿದ್ದಾರೆ. ಅಲ್ಲಿಯ ತನಕ ಕೇಳಿದರೆ ನನ್ನ ಹತ್ತಿರ ಕಳಿಸಿ.

ಆಚೆ ಗುಡ್ಡೆ

ನನ್ನ ಮಾಪಕವನ್ನೂ ತರುತ್ತೇನೆ ಭಾವ, ಮಗಳು ಒಮ್ಮೆ ನೋಡಲಿ. ಗೆರೆ ಸರಿ ಉಂಟಾ ಅಂತ ನಾನೂ ಯಾವತ್ತೂ ನೋಡಿದ್ದಲ್ಲ, ಪ್ಯಾಕೆಟಿನ ಮೇಲೆ ಬರೆದದ್ದನ್ನು ನಂಬಿದ್ದು ಅಷ್ಟೇ.